ಬಾಗಿಲು ದಕ್ಷಿಣಕ್ಕೆ

ಬೆಳಿಗ್ಗೆ ಕಣ್ಣು ಬಿಟ್ಟಾಗ, ರಾತ್ರಿ ನಾನು ಮಲಗಿದ್ದ ಮನೆಯನ್ನೇ ಬಿಚ್ಚುವ ತಯಾರಿ ನಡೆದಿತ್ತು. ಮಂಗೋಲಿಯಾದ ಅರ್ಖಾಂಗೈ ಪ್ರಾಂತ, ಸೆಪ್ಟೆಂಬರ್ ಮೊದಲ ವಾರ. ಉಲಾನ್‌ಬಾತರಿನಿಂದ ಪಶ್ಚಿಮಕ್ಕೆ ಎರಡು ದಿನ ಜೀಪಿನಲ್ಲಿ ಕುಲುಕಾಡುತ್ತ ಬಂದು, ಕುರಿ, ಕುದುರೆ, ಯಾಕ್ ಸಾಕುವ ಒಂದು ಕುಟುಂಬದ ಗೆರ್‌ನಲ್ಲಿ, ಅಂದರೆ ಬಿಚ್ಚಿ ಒಯ್ಯಬಹುದಾದ ದುಂಡು ಡೇರೆಮನೆಯಲ್ಲಿ, ಉಳಿದಿದ್ದೆ. ಅಲ್ಲಿನ ಹುಲ್ಲು ಮುಗಿಯುತ್ತ ಬಂದಿತ್ತು. ಅವರು ಶರತ್ಕಾಲದ ಬೀಡಿಗೆ ಹೊರಟಿದ್ದರು.

ಹದಿನೈದು ವರ್ಷದಿಂದ ನನ್ನದು ತಿರುಗಾಟವೇ. ಹುರುಪು ಕಡಿಮೆಯಾಗಿಲ್ಲ. ಆದರೆ ಈಚೆಗೆ ಹೊಸಿಲು ದಾಟುವಾಗ ಕಾಲು ತಡೆಯುತ್ತದೆ. ಅಮ್ಮನಿಗೆ ವಯಸ್ಸಾಗಿದೆ, ಹೊರಡುವ ಮೊದಲೇ "ಯಾವಾಗ ಬರ್ತೀಯಾ?" ಅನ್ನುತ್ತಾಳೆ. ಮನೆಯನ್ನೇ ಜೊತೆಗೆ ಒಯ್ಯುವವರಿಗೆ ಈ ಎಳೆದಾಟ ಇರಲಾರದು ಅಂದುಕೊಂಡಿದ್ದೆ.

ಮೊದಲು ಸಾಮಾನು ಹೊರಬಂತು. ಆಮೇಲೆ ಹಗ್ಗ ಬಿಚ್ಚಿ, ಕುರಿಯುಣ್ಣೆಯನ್ನು ಒತ್ತಿ ಮಾಡಿದ ದಪ್ಪ ಹೊದಿಕೆಗಳನ್ನು ಸುರುಳಿ ಸುತ್ತಿದರು. ಜಂತೆಗಳು ಒಂದೊಂದಾಗಿ ಇಳಿದವು. ಜಾಲಂದ್ರದಂಥ ಗೋಡೆಗಳು ಮಡಚಿಕೊಂಡವು. ನೆತ್ತಿಯ ಮೇಲಿದ್ದ ತೂನೊ, ಅಂದರೆ ಬೆಳಕು ಬರುವ ದುಂಡು ಗವಾಕ್ಷಿ, ಹೊಗೆ ಹಿಡಿದು ಕಪ್ಪಾಗಿತ್ತು. ಅದು ಆ ಮನೆಯ ಅಜ್ಜಿಯ ಮದುವೆಯ ಕಾಲದ್ದಂತೆ. ಎಲ್ಲೂ ಸುತ್ತಿಗೆಯ ಸದ್ದಿಲ್ಲ. ಗೆರ್ ಕಟ್ಟುವ ಈ ಕುಶಲತೆಯನ್ನು 2013ರಲ್ಲಿ ಯುನೆಸ್ಕೊ ತನ್ನ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಯಾಕೆಂದು ಆ ಬೆಳಿಗ್ಗೆ ಅರ್ಥವಾಯಿತು.

ಲಾರಿ ತುಂಬಿದ ಮೇಲೆ ನೆಲದಲ್ಲಿ ಉಳಿದದ್ದು ಬಿಳಿಚಿದ ಹುಲ್ಲಿನ ಒಂದು ವೃತ್ತ. ಎಲ್ಲರೂ ಹತ್ತಿದರೂ ಅಜ್ಜಿ ಅದರ ನಡುವೆ ನಿಂತೇ ಇದ್ದಳು. ಬೇಸರವೇ ಎಂದು ಡ್ರೈವರ್ ಮೂಲಕ ಕೇಳಿದೆ.

"ಬರುವ ಬೇಸಗೆಗೆ ಇಲ್ಲಿಗೇ ಬರ್ತೀವಲ್ಲ," ಅಂದಳು. ಹಾಗಂದ ಮೇಲೂ ಇನ್ನಷ್ಟು ಹೊತ್ತು ನಿಂತಳು.

ನನ್ನ ಎಣಿಕೆ ಅಲ್ಲೇ ತಪ್ಪಿತ್ತು. ಅವರದು ಗುರಿಯಿಲ್ಲದ ಅಲೆದಾಟವಲ್ಲ. ವರ್ಷ ವರ್ಷವೂ ಅದೇ ಬೇಸಗೆಯ ಬೀಡು, ಅದೇ ಚಳಿಗಾಲದ ಬೀಡು. ಹೊರಡುವುದೂ ಮರಳುವುದೂ ಅವರಿಗೆ ಒಂದೇ ದಾರಿಯ ಮೇಲಿದೆ.

ಹೊಸ ಜಾಗದಲ್ಲಿ ಸಂಜೆಯೊಳಗೆ ಗೆರ್ ಎದ್ದಿತು. ಬಾಗಿಲು ದಕ್ಷಿಣಕ್ಕೆ, ಒಲೆ ನಡುವೆ. ಪಶ್ಚಿಮಕ್ಕೆ ಗಂಡಸರ ಕುದುರೆ ಜೀನು, ಪೂರ್ವಕ್ಕೆ ಅಡುಗೆಯ ಪಾತ್ರೆಗಳು. ಉತ್ತರದ ಗೌರವದ ಜಾಗದಲ್ಲಿ ಹಿರಿಯರ ಫೋಟೊಗಳು. ಐದು ವರ್ಷದ ಮೊಮ್ಮಗಳು ಕುರಿಮರಿಯ ಹಿಂದೆ ಓಡಿ ದಣಿದು ಒಳಬಂದವಳೇ, ಕಣ್ಣೆತ್ತಿಯೂ ನೋಡದೆ ಬಲಕ್ಕೆ ಕೈ ಚಾಚಿ ತನ್ನ ಬಟ್ಟಲು ತೆಗೆದುಕೊಂಡಳು. ನಾನು ಅದನ್ನೇ ನೋಡುತ್ತ ಕೂತೆ. ನಮ್ಮ ಮನೆಯಲ್ಲಿ ಕತ್ತಲಲ್ಲೂ ನನ್ನ ಕೈ ಹೀಗೆಯೇ ದೀಪದ ಸ್ವಿಚ್ಚಿಗೆ ಹೋಗುತ್ತದೆ.

ಮರುದಿನ ಹೊರಟಾಗ ಅಜ್ಜಿ ಮರದ ಸೌಟಿನಿಂದ ನಮ್ಮ ಜೀಪಿನ ಹಿಂದೆ ಹಾಲು ಚಿಮುಕಿಸಿದಳು. ದೂರ ಹೋಗುವವರಿಗೆ ಅಲ್ಲಿ ಹಾಗೆ ಶುಭ ಕೋರುತ್ತಾರೆ. ಪಟ್ಟಣ ಮುಟ್ಟಿ ಮೊಬೈಲಿಗೆ ಸಿಗ್ನಲ್ ಬಂದ ಕೂಡಲೇ ಅಮ್ಮನಿಗೆ ಫೋನ್ ಮಾಡಿದೆ. ಅವಳು ಕೇಳುವ ಮೊದಲೇ ತಾರೀಕು ಹೇಳಿದೆ.