ಬಾನ್‌ವಿಲ್‌ನ ಉಪ್ಪು ಮತ್ತು ಮನೆಯ ಗ್ಯಾರೇಜಿನಲ್ಲಿ ಹುಟ್ಟಿದ ವೇಗ

ಅಮೆರಿಕದ ಉಟಾ ರಾಜ್ಯದಲ್ಲಿರುವ ಬಾನ್‌ವಿಲ್ ಉಪ್ಪಿನ ಬಯಲಿನಲ್ಲಿ ಆಗಸ್ಟ್ ತಿಂಗಳಲ್ಲಿ ನಡೆಯುವ ಸ್ಪೀಡ್ ವೀಕ್ ಎಂಬ ವೇಗದ ದಾಖಲೆಗಳ ಕೂಟಕ್ಕೆ ಬರುವ ಎಷ್ಟೋ ಯಂತ್ರಗಳನ್ನು ಮೊದಲ ಸಲ ಕಂಡವರು, ಅವನ್ನು ಕಾರು ಎಂದು ಕರೆಯಲು ಹಿಂಜರಿಯುತ್ತಾರೆ. ಕೆಲವಕ್ಕೆ ಬಾಗಿಲಿಲ್ಲ, ಕೆಲವಕ್ಕೆ ಚಕ್ರಗಳೇ ಕಾಣುವುದಿಲ್ಲ. ಹತ್ತು ಮೀಟರ್ ಉದ್ದವಿದ್ದರೂ ನಿಂತವನ ಸೊಂಟದ ಎತ್ತರಕ್ಕೆ ಬಾರದ ದೇಹದೊಳಗೆ ಚಾಲಕನು ಅಂಗಾತ ಮಲಗಿದಂತೆ ಕುಳಿತಿರುತ್ತಾನೆ. ಇವುಗಳನ್ನು ಕಟ್ಟಿದವರಲ್ಲಿ ಬಹುಪಾಲು ಜನ ಹಗಲಿಡೀ ಬೇರೆ ಉದ್ಯೋಗ ಮಾಡಿ, ಸಂಜೆ ಮತ್ತು ವಾರಾಂತ್ಯಗಳನ್ನು ಗ್ಯಾರೇಜಿನಲ್ಲಿ ಕಳೆಯುವವರು. ಬೆಂಗಳೂರಿನ ಪೀಣ್ಯದ ಲೇತ್‌ಗಳ ನಡುವೆ ಕೆಲಸ ಕಲಿತು, ಅನಂತರ ಕ್ಯಾಲಿಫೋರ್ನಿಯಾಕ್ಕೆ ಬಂದು ನೆಲೆಸಿದ ನನಗೆ, ಈ ದೇಶದಲ್ಲಿ ನಾನು ಕಂಡ ಕುಶಲಕರ್ಮಿಗಳಲ್ಲಿ ಇವರಷ್ಟು ಹತ್ತಿರದವರೆನಿಸಿದವರು ಬೇರೆ ಯಾರೂ ಇಲ್ಲ. ಅವರ ಕಾರುಗಳ ವಿಚಿತ್ರ ರೂಪದ ಹಿಂದೆ ಗಾಳಿ, ಉಪ್ಪು ಮತ್ತು ಜೇಬಿನ ಹಣ ಈ ಮೂರರ ಲೆಕ್ಕಾಚಾರವಿದೆ ಎಂಬುದನ್ನು ಕನ್ನಡದ ಓದುಗರಿಗೆ ಸ್ವಲ್ಪ ವಿವರವಾಗಿ ಹೇಳಬೇಕೆಂಬ ಆಸೆ ನನಗೆ ಬಹಳ ದಿನಗಳಿಂದ ಇತ್ತು.

ಈ ಪರಂಪರೆ ಶುರುವಾದದ್ದು ಉಪ್ಪಿನ ಮೇಲಲ್ಲ, ಮಣ್ಣಿನ ಮೇಲೆ. ಲಾಸ್ ಏಂಜಲೀಸ್ ನಗರದಾಚೆ ಮೊಹಾವಿ ಮರುಭೂಮಿಯಲ್ಲಿ ಮ್ಯೂರಾಕ್, ಎಲ್ ಮಿರಾಜ್ ಮುಂತಾದ ಒಣ ಕೆರೆಗಳಿವೆ. ಅವುಗಳ ತಳದ ಜೇಡಿ ಒಣಗಿ, ಮೈಲಿಗಟ್ಟಲೆ ಸಮತಟ್ಟಾಗಿ ಗಟ್ಟಿಯಾಗಿರುತ್ತದೆ. 1932ರಲ್ಲಿ ಫೋರ್ಡ್ ಕಂಪನಿ 65 ಅಶ್ವಶಕ್ತಿಯ ವಿ-8 (ಎಂಟು ಸಿಲಿಂಡರಿನ) ಎಂಜಿನ್ನನ್ನು ಸಾಮಾನ್ಯ ಜನರ ಕಾರಿನಲ್ಲಿ ಇಟ್ಟು ಮಾರತೊಡಗಿದ ಮೇಲೆ, ಕೆಲವೇ ವರ್ಷಗಳಲ್ಲಿ ಆ ಎಂಜಿನ್ನುಗಳು ಹಳೆಯ ಕಾರುಗಳ ಅಂಗಡಿಗಳಲ್ಲಿ ಕಡಿಮೆ ಬೆಲೆಗೆ ಸಿಗುವಂತಾದವು. ಹುಡುಗರು ಆ ಕಾರುಗಳ ಮಡ್‌ಗಾರ್ಡು, ದೀಪ, ಗಾಜು ಎಲ್ಲವನ್ನೂ ಕಳಚಿ, ಎಂಜಿನ್ನಿನ ಹೆಡ್ಡನ್ನು ಕೆತ್ತಿ, ಕಾರ್ಬ್ಯುರೇಟರ್‌ಗಳನ್ನು ಹೆಚ್ಚಿಸಿ, ಈ ಒಣ ಕೆರೆಗಳಿಗೆ ತಂದು ಓಡಿಸುತ್ತಿದ್ದರು. ಹಲವು ಕಾರುಗಳು ಒಟ್ಟಿಗೆ ದೂಳಿನೊಳಗೆ ನುಗ್ಗುತ್ತಿದ್ದ ಆ ದಿನಗಳ ಅಪಾಯಕ್ಕೆ ಒಂದು ಶಿಸ್ತು ತರಬೇಕೆಂದು ಹಲವು ಕ್ಲಬ್ಬುಗಳು ಸೇರಿ 1937ರಲ್ಲಿ ಸದರ್ನ್ ಕ್ಯಾಲಿಫೋರ್ನಿಯಾ ಟೈಮಿಂಗ್ ಅಸೋಸಿಯೇಷನ್ ಎಂಬ ಸಂಸ್ಥೆಯನ್ನು ಕಟ್ಟಿಕೊಂಡವು. ಸ್ಪೀಡ್ ವೀಕ್ ನಡೆಸುವುದು ಇಂದಿಗೂ ಅದೇ ಸಂಸ್ಥೆ. ಮ್ಯೂರಾಕ್ ಮಾತ್ರ ಯುದ್ಧಕಾಲದಲ್ಲಿ ಸೇನೆಯ ವಶಕ್ಕೆ ಹೋಯಿತು. ಈಗಿನ ಎಡ್ವರ್ಡ್ಸ್ ವಾಯುನೆಲೆ ಇರುವುದು ಅಲ್ಲಿಯೇ.

ಎರಡನೆಯ ಮಹಾಯುದ್ಧ ಈ ಹುಡುಗರನ್ನು ಪೆಸಿಫಿಕ್ ಸಾಗರಕ್ಕೂ ಯುರೋಪಿಗೂ ಕಳುಹಿಸಿತು. ಹಿಂತಿರುಗಿ ಬಂದವರ ಕೈಯಲ್ಲಿ ವೆಲ್ಡಿಂಗ್, ಲೋಹದ ಕೆಲಸ, ವಿಮಾನದ ಎಂಜಿನ್ನುಗಳ ರಿಪೇರಿ ಎಲ್ಲವೂ ಪಳಗಿತ್ತು. ಬಿಲ್ ಬರ್ಕ್ ಎಂಬಾತ ಯುದ್ಧದ ದಿನಗಳಲ್ಲಿ ಪೆಸಿಫಿಕ್‌ನಲ್ಲಿದ್ದಾಗ, ಯುದ್ಧವಿಮಾನಗಳ ಕೆಳಗೆ ತೂಗುಹಾಕುವ ಹೆಚ್ಚುವರಿ ಪೆಟ್ರೋಲ್ ಟ್ಯಾಂಕುಗಳನ್ನು ನೋಡಿದ್ದ. ಗಾಳಿಯಲ್ಲಿ ವಿಮಾನಕ್ಕೆ ಹೊರೆಯಾಗಬಾರದೆಂದು ಎಂಜಿನಿಯರುಗಳು ಆ ಟ್ಯಾಂಕಿಗೆ ನೀರಿನ ಹನಿಯ ರೂಪ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಅವು ಗುಜರಿಯ ಸರಕಾಗಿ ಕ್ಯಾಲಿಫೋರ್ನಿಯಾದ ಅಂಗಡಿಗಳಿಗೆ ಬಂದವು. 1946ರಲ್ಲಿ ಬರ್ಕ್ ಅಂಥದೊಂದನ್ನು ಕೊಂಡು, ಅದರೊಳಗೆ ಫೋರ್ಡ್ ಎಂಜಿನ್ನನ್ನು ಕೂರಿಸಿ, ಗಂಟೆಗೆ 130 ಮೈಲಿಗೂ ಮಿಕ್ಕಿದ ವೇಗದಲ್ಲಿ ಓಡಿಸಿದ. ಮುಂದಿನ ಪ್ರಯತ್ನದಲ್ಲಿ ಪಿ-38 ವಿಮಾನದ 315 ಗ್ಯಾಲನ್ ಹಿಡಿಸುವ ದೊಡ್ಡ ಟ್ಯಾಂಕನ್ನು ಆರಿಸಿಕೊಂಡು, ಚಾಲಕನನ್ನು ಮೂತಿಯಲ್ಲಿ ಕೂರಿಸಿ, ಎಂಜಿನ್ನನ್ನು ಅವನ ಬೆನ್ನ ಹಿಂದೆ ಇಟ್ಟ. ಬೆಲಿ ಟ್ಯಾಂಕ್ ಲೇಕ್‌ಸ್ಟರ್ ಎಂಬ ಹೊಸ ಜಾತಿಯೇ ಹೀಗೆ ಹುಟ್ಟಿತು. ಅಲೆಕ್ಸ್ ಕ್ಸಿಡಿಯಾಸ್ ಕಟ್ಟಿದ ಸೋ-ಕ್ಯಾಲ್ ಸ್ಪೀಡ್ ಶಾಪ್‌ನ ಟ್ಯಾಂಕ್ 1952ರಲ್ಲಿ ಬಾನ್‌ವಿಲ್‌ನಲ್ಲಿ ಗಂಟೆಗೆ 198 ಮೈಲಿ, ಅಂದರೆ ಸುಮಾರು 319 ಕಿಲೋಮೀಟರ್ ವೇಗವನ್ನು ಮುಟ್ಟಿತು. ಸರ್ಕಾರದ ಹಣದಲ್ಲಿ ಗಾಳಿಸುರಂಗದೊಳಗೆ ನಡೆದ ಸಂಶೋಧನೆಯ ಫಲವನ್ನು ಗುಜರಿಯ ಬೆಲೆಗೆ ಕೊಂಡು ಬಳಸಿಕೊಂಡ ಈ ಬುದ್ಧಿಗೆ ನಾನು ಇಂದಿಗೂ ತಲೆದೂಗುತ್ತೇನೆ. ಇಂಥವರಿಗೆ ವೇದಿಕೆಯಾಗಿ 1949ರಲ್ಲಿ ಮೊದಲ ಸ್ಪೀಡ್ ವೀಕ್ ನಡೆದಿತ್ತು.

ವೇಗ ಹೆಚ್ಚಿದಂತೆ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಅದನ್ನು ಮೀರಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಹಾಗಾಗಿ ಗಂಟೆಗೆ 200 ಮೈಲಿ ಓಡುವ ಕಾರನ್ನು ಅದೇ ರೂಪದಲ್ಲಿ 400 ಮೈಲಿಗೆ ಒಯ್ಯಬೇಕಾದರೆ ಗಾಳಿಯ ಎದುರಿಗಷ್ಟೇ ಎಂಟು ಪಟ್ಟು ಶಕ್ತಿ ಬೇಕು. ಅಷ್ಟು ಶಕ್ತಿಯ ಎಂಜಿನ್ನನ್ನು ಕೊಳ್ಳಲಾಗದವನು ಕಾರಿನ ಅಗಲವನ್ನೂ ಎತ್ತರವನ್ನೂ ತಗ್ಗಿಸಬೇಕು, ಚಕ್ರಗಳನ್ನು ಮುಚ್ಚಬೇಕು, ಬಾಲವನ್ನು ನೀಳವಾಗಿ ಎಳೆಯಬೇಕು. ಉಪ್ಪು ಇನ್ನೊಂದು ಸಮಸ್ಯೆಯನ್ನು ಮುಂದಿಡುತ್ತದೆ. ತೇವ ತುಂಬಿದ ಆ ಹರಳಿನ ನೆಲಕ್ಕೆ ಡಾಂಬರಿನ ಹಿಡಿತವಿಲ್ಲ. ಶಕ್ತಿ ಜಾಸ್ತಿಯಾದರೆ ಚಕ್ರಗಳು ಜಾರುತ್ತವೆ, ಕಾರು ಮುಂದೆ ಹೋಗುವುದಿಲ್ಲ. ಆದ್ದರಿಂದಲೇ ರೇಸಿನ ಬೇರೆಲ್ಲ ಪ್ರಕಾರಗಳಲ್ಲಿ ಪ್ರತಿ ಕಿಲೋ ತೂಕವನ್ನು ಇಳಿಸಲು ಹೆಣಗುತ್ತಿದ್ದರೆ, ಇಲ್ಲಿ ಸೀಸದ ಗಟ್ಟಿಗಳನ್ನೂ ಉಕ್ಕಿನ ಹಲಗೆಗಳನ್ನೂ ಬೇಕೆಂದೇ ಹೇರಿಕೊಳ್ಳುತ್ತಾರೆ. ಅದರ ಮೇಲೆ ಬಯಲು ಸಮುದ್ರಮಟ್ಟದಿಂದ ಸುಮಾರು 1,280 ಮೀಟರ್ ಎತ್ತರದಲ್ಲಿದೆ. ಆಗಸ್ಟ್ ತಿಂಗಳ ಬಿಸಿಲಿಗೆ ಗಾಳಿ ಇನ್ನಷ್ಟು ತೆಳುವಾಗಿ, ಎದುರಿನ ತಡೆ ಕಡಿಮೆಯಾದರೂ ಎಂಜಿನ್ನು ಉಸಿರಿಗಾಗಿ ಒದ್ದಾಡುತ್ತದೆ.

ಈ ಲೆಕ್ಕವನ್ನು ಅತ್ಯಂತ ಸ್ವಚ್ಛವಾಗಿ ಬಿಡಿಸಿದ ಕಾರು ಯಾವುದೆಂದು ಕೇಳಿದರೆ ನಾನು ಗೋಲ್ಡನ್‌ರಾಡ್ ಎಂದೇ ಹೇಳುತ್ತೇನೆ. ಬಾಬ್ ಮತ್ತು ಬಿಲ್ ಸಮರ್ಸ್ ಎಂಬ ಅಣ್ಣತಮ್ಮಂದಿರು ಅದನ್ನು ಕ್ಯಾಲಿಫೋರ್ನಿಯಾದ ಆಂಟೇರಿಯೋ ಊರಿನಲ್ಲಿ, ಹಿಂದೆ ತರಕಾರಿ ಅಂಗಡಿಯಾಗಿದ್ದ ಕಟ್ಟಡದಲ್ಲಿ ಕಟ್ಟಿದರು. ಬಾಬ್ ಮಿತಭಾಷಿ, ವಿನ್ಯಾಸ ಮತ್ತು ಚಾಲನೆ ಅವನದು. ಪ್ರಾಯೋಜಕರ ಬಾಗಿಲು ತಟ್ಟುವ ಕೆಲಸವನ್ನು ಬಿಲ್ ವಹಿಸಿಕೊಂಡಿದ್ದ. ಕ್ರೈಸ್ಲರ್ ಕಂಪನಿ ನಾಲ್ಕು ಹೆಮಿ ವಿ-8 ಎಂಜಿನ್ನುಗಳನ್ನು ಒದಗಿಸಿತು. ಫೈರ್‌ಸ್ಟೋನ್ ಟೈರುಗಳನ್ನು ಕೊಟ್ಟಿತು. ಆ ನಾಲ್ಕು ಎಂಜಿನ್ನುಗಳನ್ನು ಒಂದರ ಹಿಂದೊಂದು ಸಾಲಾಗಿ ಕೂರಿಸಿ, ನಾಲ್ಕೂ ಚಕ್ರಗಳಿಗೆ ಶಕ್ತಿ ಹೋಗುವಂತೆ ಮಾಡಿದರು. ಚಾಲಕ ಎಲ್ಲಕ್ಕೂ ಹಿಂದೆ, ಬಾಲದ ಬಳಿ. ಕಾರಿನ ಉದ್ದ 32 ಅಡಿ, ಅಗಲ 48 ಇಂಚು, ಎಂಜಿನ್ನುಗಳಿದ್ದ ಭಾಗದ ಎತ್ತರ ಬರೀ 28 ಇಂಚು. ಲಾಕ್‌ಹೀಡ್ ವಿಮಾನ ಕಂಪನಿಯ ವಾಲ್ಟರ್ ಕೋರ್ಫ್ ದೇಹದ ರೂಪಕ್ಕೆ ಸಲಹೆ ನೀಡಿದರು. ಸಣ್ಣ ಮಾದರಿಯೊಂದನ್ನು ಕ್ಯಾಲ್‌ಟೆಕ್ ಸಂಸ್ಥೆಯ ಗಾಳಿಸುರಂಗದಲ್ಲಿ ಪರೀಕ್ಷಿಸಿದರು. ಎಂಜಿನ್ನಿನೊಳಗೆ ಹೆಚ್ಚು ಗಾಳಿ ನೂಕುವ ಸೂಪರ್‌ಚಾರ್ಜರ್ ಹಾಕಿದ್ದರೆ ಶಕ್ತಿ ಇನ್ನೂ ಹೆಚ್ಚುತ್ತಿತ್ತು, ಆದರೆ ಅದು ಎಂಜಿನ್ನಿನ ತಲೆಯ ಮೇಲೆ ಕೂರುವ ವಸ್ತು. ಎತ್ತರ ಏರಿದರೆ ಗಾಳಿಗೆ ಒಡ್ಡುವ ಮುಖವೂ ದೊಡ್ಡದಾಗುತ್ತದೆ. ಹೀಗಾಗಿ ಅದನ್ನು ಕೈಬಿಟ್ಟು, 1948ರಲ್ಲಿ ಒಣ ಕೆರೆಯ ಮೇಲೆ ಮೊದಲು ಗಂಟೆಗೆ 150 ಮೈಲಿ ದಾಟಿದ ಸ್ಟೂ ಹಿಲ್‌ಬಾರ್ನ್ ರೂಪಿಸಿದ ಇಂಧನ ಚುಚ್ಚುವ ವ್ಯವಸ್ಥೆಯನ್ನೇ ನಂಬಿದರು. ಶಕ್ತಿಯ ಆಸೆಯನ್ನು ರೂಪದ ಶಿಸ್ತಿಗಾಗಿ ಬಿಟ್ಟುಕೊಟ್ಟ ಈ ನಿರ್ಧಾರದಲ್ಲಿ ನನಗೆ ದೊಡ್ಡ ಎಂಜಿನಿಯರನ ಮನಸ್ಸು ಕಾಣಿಸುತ್ತದೆ.

1965ರ ನವೆಂಬರ್ 12ರಂದು ಬಾಬ್ ಸಮರ್ಸ್ ಎರಡೂ ದಿಕ್ಕಿನ ಓಟಗಳ ಸರಾಸರಿಯಲ್ಲಿ ಗಂಟೆಗೆ 409.277 ಮೈಲಿ, ಅಂದರೆ 658 ಕಿಲೋಮೀಟರಿಗೂ ಹೆಚ್ಚಿನ ವೇಗವನ್ನು ದಾಖಲಿಸಿದ. ಅದಕ್ಕೆ ಒಂದು ವರ್ಷ ಮೊದಲು, ಬ್ರಿಟನ್ನಿನ ದೊಡ್ಡ ಕೈಗಾರಿಕೆಗಳ ಬೆಂಬಲದಿಂದ ನಿರ್ಮಾಣವಾದ ಬ್ಲೂಬರ್ಡ್ ಕಾರಿನಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಆಸ್ಟ್ರೇಲಿಯಾದ ಲೇಕ್ ಐರ್‌ನಲ್ಲಿ 403.10 ಮೈಲಿ ಮುಟ್ಟಿದ್ದ. ತರಕಾರಿ ಅಂಗಡಿಯಲ್ಲಿ ಹುಟ್ಟಿದ ಕಾರು ಅದನ್ನು ಮೀರಿಸಿತು. ಆದರೆ ಮೂರೇ ದಿನಗಳ ನಂತರ, ಅದೇ ಉಪ್ಪಿನ ಮೇಲೆ ಕ್ರೇಗ್ ಬ್ರೀಡ್‌ಲವ್ ಜೆಟ್ ಎಂಜಿನ್ನಿನ ವಾಹನದಲ್ಲಿ 600 ಮೈಲಿ ದಾಟಿದ್ದರಿಂದ ಪತ್ರಿಕೆಗಳ ಗಮನವೆಲ್ಲ ಅತ್ತ ಹರಿಯಿತು. ಜೆಟ್ ವಾಹನದ ಚಕ್ರಗಳು ಸುಮ್ಮನೆ ಉರುಳುತ್ತವೆ, ನೂಕುವುದು ಹಿಂದಿನ ಬೆಂಕಿ. ಎಂಜಿನ್ನಿನ ಶಕ್ತಿಯನ್ನು ಗೇರು, ಶಾಫ್ಟು, ಟೈರುಗಳ ಮೂಲಕ ಜಾರುವ ನೆಲಕ್ಕೆ ದಾಟಿಸುವ ಕಷ್ಟ ಅದಕ್ಕಿಲ್ಲ. ಗೋಲ್ಡನ್‌ರಾಡ್ ಮಾಡಿದ ಕೆಲಸ ಎಷ್ಟು ಕಠಿಣವಾಗಿತ್ತೆಂದು ತಿಳಿಯಬೇಕಾದರೆ, 1991ರಲ್ಲಿ ಆಲ್ ಟೀಗ್ ತಾನು ಮನೆಯಲ್ಲಿ ಕಟ್ಟಿದ, ಒಂದೇ ಎಂಜಿನ್ನಿನ, ಸೂಪರ್‌ಚಾರ್ಜರ್ ಇದ್ದ ಕಾರಿನಲ್ಲಿ 409.986 ಮೈಲಿ ದಾಖಲಿಸುವವರೆಗೆ, ಚಕ್ರಗಳ ಮೂಲಕವೇ ಓಡುವ ಕಾರುಗಳಲ್ಲಿ ಇಪ್ಪತ್ತಾರು ವರ್ಷ ಆ ಅಂಕಿ ಅಲುಗಲಿಲ್ಲ ಎಂಬುದನ್ನು ನೆನೆಯಬೇಕು. ಮೀರಿಸಿದ್ದು ಒಂದು ಮೈಲಿಗಿಂತಲೂ ಕಡಿಮೆ ಅಂತರದಿಂದ. ಗೋಲ್ಡನ್‌ರಾಡ್ ಈಗ ಡಿಯರ್‌ಬಾರ್ನ್‌ನ ಹೆನ್ರಿ ಫೋರ್ಡ್ ಸಂಗ್ರಹಾಲಯದಲ್ಲಿದೆ.

ದಾಖಲೆಗೆ ಎರಡು ಓಟ ಬೇಕೆಂಬ ನಿಯಮದ ಕುರಿತು ಇಲ್ಲೊಂದು ಮಾತು ಹೇಳಲೇಬೇಕು. ಅಂತರರಾಷ್ಟ್ರೀಯ ದಾಖಲೆಗೆ ಒಂದು ಗಂಟೆಯೊಳಗೆ ಎರಡೂ ದಿಕ್ಕಿನಲ್ಲಿ ಓಡಿ ಸರಾಸರಿ ತೆಗೆಯಬೇಕು. ಸ್ಪೀಡ್ ವೀಕ್‌ನಲ್ಲಿ, ಹಳೆಯ ದಾಖಲೆಯನ್ನು ಮೀರಿದ ಕಾರನ್ನು ಇಂಪೌಂಡ್ ಎಂಬ ಕಾವಲಿನ ಜಾಗಕ್ಕೆ ಒಯ್ದು, ಮರುದಿನ ಬೆಳಿಗ್ಗೆ ಮತ್ತೆ ಓಡಿಸುತ್ತಾರೆ. 1960ರ ಸೆಪ್ಟೆಂಬರ್‌ನಲ್ಲಿ ಮಿಕ್ಕಿ ಥಾಂಪ್ಸನ್ ನಾಲ್ಕು ಪಾಂಟಿಯಾಕ್ ಎಂಜಿನ್ನುಗಳ ಚಾಲೆಂಜರ್ ಕಾರಿನಲ್ಲಿ ಒಂದು ದಿಕ್ಕಿನಲ್ಲಿ 406.60 ಮೈಲಿ ಮುಟ್ಟಿದ. ಜಾನ್ ಕಾಬ್ 1947ರಲ್ಲಿ ಸ್ಥಾಪಿಸಿದ್ದ 394 ಮೈಲಿಯ ದಾಖಲೆಗಿಂತ ಅದು ಹೆಚ್ಚಾಗಿತ್ತು. ಮರಳುವ ಓಟದಲ್ಲಿ ಶಕ್ತಿಯನ್ನು ಚಕ್ರಕ್ಕೆ ಒಯ್ಯುವ ಭಾಗ ಮುರಿಯಿತು, ದಾಖಲೆ ದಕ್ಕಲಿಲ್ಲ. ಪತ್ರಿಕೆಯೊಂದರ ಮುದ್ರಣ ವಿಭಾಗದಲ್ಲಿ ದುಡಿಯುತ್ತಲೇ ಕಾರು ಕಟ್ಟಿದವನಿಗೆ ಇದು ಎಂಥ ಪೆಟ್ಟೆಂದು ಊಹಿಸಬಹುದು. ಹಾಗಿದ್ದರೂ ನಿಯಮವೇ ಸರಿ ಎಂದು ನಾನು ನಂಬುತ್ತೇನೆ. ಬೆನ್ನಿಗೆ ಬೀಸಿದ ಗಾಳಿಯ ಪಾಲನ್ನು ಎರಡನೆಯ ಓಟ ಕಳೆಯುತ್ತದೆ. ಒಮ್ಮೆ ಬದುಕಿ ಉಳಿದ ಯಂತ್ರ ಇನ್ನೊಮ್ಮೆಯೂ ಬದುಕೀತೇ ಎಂದು ಕೇಳುತ್ತದೆ. ಥಾಂಪ್ಸನ್ 1968ರಲ್ಲಿ ಕಟ್ಟಿಸಿದ ಎರಡನೆಯ ಚಾಲೆಂಜರ್ ಮಳೆಯಿಂದಾಗಿ ಓಟವಿಲ್ಲದೆ ಮೂಲೆ ಸೇರಿತು. ಅವನು 1988ರಲ್ಲಿ ಕೊಲೆಯಾದ. ಮಗ ಡ್ಯಾನಿ ಆ ಕಾರನ್ನು ಹೊರತೆಗೆದು, ಹೊಸ ಎಂಜಿನ್ನುಗಳನ್ನು ಕೂರಿಸಿ, 2018ರ ಆಗಸ್ಟ್‌ನಲ್ಲಿ ಎರಡು ಓಟಗಳ ಸರಾಸರಿಯಲ್ಲಿ 448.757 ಮೈಲಿ ದಾಖಲಿಸಿದ.

ಇಲ್ಲಿ ಗೆದ್ದವರಿಗೆ ಬಹುಮಾನದ ಹಣವಿಲ್ಲ. ಎಂಜಿನ್ನಿನ ಗಾತ್ರ, ದೇಹದ ಬಗೆ, ಇಂಧನ, ಸೂಪರ್‌ಚಾರ್ಜರ್ ಇದೆಯೋ ಇಲ್ಲವೋ ಎಂಬುದನ್ನು ನೋಡಿ ನೂರಾರು ವರ್ಗಗಳನ್ನು ಮಾಡಿದ್ದಾರೆ. ಮೂವತ್ತರ ದಶಕದ ಫೋರ್ಡ್ ಫ್ಲಾಟ್‌ಹೆಡ್ ಎಂಜಿನ್ನಿಗೂ ಪ್ರತ್ಯೇಕ ಸ್ಥಾನವಿದೆ. ನಾಲ್ಕೂ ಚಕ್ರ ಹೊರಗಿದ್ದರೆ ಲೇಕ್‌ಸ್ಟರ್, ಕನಿಷ್ಠ ಎರಡನ್ನಾದರೂ ಮುಚ್ಚಿದರೆ ಸ್ಟ್ರೀಮ್‌ಲೈನರ್. ಇದರಿಂದಾಗಿ ಸಣ್ಣ ಎಂಜಿನ್ನಿನವನೂ ತನ್ನ ಸಮಾನರ ಜೊತೆಗೇ ಸೆಣಸುತ್ತಾನೆ. 200 ಮೈಲಿಗೂ ಮೇಲಿನ ದಾಖಲೆ ಮಾಡಿದವರಿಗೆ 1953ರಲ್ಲಿ ಸ್ಥಾಪನೆಯಾದ ಕ್ಲಬ್ಬಿನ ಕೆಂಪು ಟೋಪಿ ಸಿಗುತ್ತದೆ, ಅಷ್ಟೆ. ಆ ಟೋಪಿಗಾಗಿ ದಶಕಗಳನ್ನು ಮುಡಿಪಿಟ್ಟವರೊಡನೆ ನಾನು ಕಾರುಗಳನ್ನು ಓಟಕ್ಕೆ ಸಜ್ಜುಗೊಳಿಸುವ ಪಿಟ್‌ನಲ್ಲಿ ನಿಂತು ಮಾತನಾಡಿದ್ದೇನೆ. ವೆಲ್ಡಿಂಗ್ ಗೆರೆಯನ್ನು ಬೆರಳಿಟ್ಟು ತೋರಿಸುತ್ತ, ಪೈಪಿನ ದಪ್ಪ, ಬೆಂಕಿ ಆರಿಸುವ ವ್ಯವಸ್ಥೆ, ಪ್ಯಾರಾಶೂಟಿನ ಹಗ್ಗ ಎಲ್ಲವನ್ನೂ ಅವರು ಬಿಚ್ಚುಮನಸ್ಸಿನಿಂದ ವಿವರಿಸುತ್ತಾರೆ, ಏನನ್ನೂ ಮುಚ್ಚಿಡುವುದಿಲ್ಲ. ಸುರಕ್ಷತೆಯ ತಪಾಸಣೆ ಬಹಳ ಕಟ್ಟುನಿಟ್ಟು. 2014ರಲ್ಲಿ ಜಾರ್ಜ್ ಪೋಟೀಟ್ ಓಡಿಸುತ್ತಿದ್ದ ಸ್ಪೀಡ್ ಡೀಮನ್ ಎಂಬ ಕಾರು 370 ಮೈಲಿಗೂ ಹೆಚ್ಚಿನ ವೇಗದಲ್ಲಿ ಪಲ್ಟಿಯಾಗಿ ಚೂರಾದರೂ ಅವರು ಬದುಕಿ ಬಂದದ್ದು ಆ ಕಟ್ಟುನಿಟ್ಟಿನಿಂದಲೇ. ಹೊಸ ಕಾರನ್ನು ಕಟ್ಟಿಸಿ, 2020ರಲ್ಲಿ, ಎಪ್ಪತ್ತು ದಾಟಿದ ವಯಸ್ಸಿನಲ್ಲಿ, ಒಂದೇ ವಿ-8 ಎಂಜಿನ್ನಿನ ಬಲದಿಂದ ಅವರು 470.016 ಮೈಲಿಯ ಸರಾಸರಿ ಮುಟ್ಟಿದರು.

ಇಷ್ಟೆಲ್ಲಕ್ಕೂ ಆಧಾರವಾದ ಉಪ್ಪು ಈಗ ತೆಳುವಾಗುತ್ತಿರುವುದು ನನ್ನನ್ನು ನಿಜವಾಗಿ ಕಳವಳಗೊಳಿಸಿದೆ. ಹಿಮಯುಗದ ಮಹಾ ಸರೋವರವೊಂದು ಬತ್ತಿ ಉಳಿದ ಈ ಬಯಲಿನಲ್ಲಿ ಚಳಿಗಾಲದ ನೀರು ತೆಳ್ಳಗೆ ನಿಂತು, ಬೇಸಿಗೆಯಲ್ಲಿ ಆವಿಯಾಗಿ, ಹೊಸ ಗಟ್ಟಿ ಪದರ ಮೂಡುತ್ತದೆ. ಪಕ್ಕದಲ್ಲೇ ಪೊಟ್ಯಾಶ್ ತೆಗೆಯಲು ಕಾಲುವೆಗಳ ಮೂಲಕ ಉಪ್ಪುನೀರನ್ನು ಬಹುಕಾಲದಿಂದ ಹರಿಸಿಕೊಳ್ಳಲಾಗಿದೆ. 1997ರಿಂದ 2002ರವರೆಗೆ ಉಪ್ಪನ್ನು ಬಯಲಿಗೆ ಮರಳಿ ಪಂಪು ಮಾಡುವ ಪ್ರಯೋಗ ನಡೆಯಿತು. ಬಯಲು ಕ್ಷೀಣಿಸಲು ಯಾವ ಕಾರಣದ ಪಾಲು ಎಷ್ಟೆಂಬ ವಾದ ವಿಜ್ಞಾನಿಗಳ ನಡುವೆ ಮುಂದುವರಿದಿದೆ, ಆದರೆ ಪರಿಣಾಮ ಕಣ್ಣಿಗೆ ಕಾಣುತ್ತದೆ: ಹಿಂದೆ ಹತ್ತು ಮೈಲಿಗೂ ಉದ್ದವಾಗಿ ಎಳೆಯಬಹುದಾಗಿದ್ದ ಓಟದ ಹಾದಿ ಮೊಟಕಾಗಿದೆ, 2014ರಲ್ಲಿ ಮಳೆಯಿಂದ ಮತ್ತು 2015ರಲ್ಲಿ ಉಪ್ಪಿನ ದುಃಸ್ಥಿತಿಯಿಂದ ಸ್ಪೀಡ್ ವೀಕ್ ರದ್ದಾಯಿತು, 2022ರಲ್ಲಿ ಮತ್ತೆ ನೀರು ನಿಂತಿತು. ಇದು ಸಾರ್ವಜನಿಕ ಭೂಮಿ. ಅಲ್ಲಿಂದ ತೆಗೆದ ಉಪ್ಪನ್ನು ಮರಳಿಸುವ ಕೆಲಸ ಅಂದಂದಿನ ಸದಿಚ್ಛೆಗೆ ಬಿಟ್ಟದ್ದಾಗದೆ, ಪರವಾನಗಿಯ ಕಾಯಂ ಷರತ್ತಾಗಬೇಕು ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಅಮೆರಿಕದಲ್ಲಿರುವ ಕನ್ನಡಿಗರಲ್ಲಿ ಯಂತ್ರಗಳ ಮೇಲೆ ಪ್ರೀತಿಯಿರುವವರು ಸ್ಪೀಡ್ ವೀಕ್ ನಡೆಯುವ ವರ್ಷಗಳಲ್ಲಿ ಒಮ್ಮೆ ಹೋಗಿ ಬನ್ನಿ. ಸಾಲ್ಟ್ ಲೇಕ್ ಸಿಟಿಯಿಂದ ಪಶ್ಚಿಮಕ್ಕೆ ಹೆದ್ದಾರಿ 80ರಲ್ಲಿ ಹೋದರೆ ವೆಂಡೋವರ್ ಊರಿಗೆ ಮುಂಚೆಯೇ ಬಯಲು ಸಿಗುತ್ತದೆ. ಬಿಳಿ ನೆಲದಿಂದ ಬಿಸಿಲು ಪ್ರತಿಫಲಿಸುವುದರಿಂದ ಗಲ್ಲದ ಕೆಳಭಾಗಕ್ಕೂ ಲೇಪನ ಹಚ್ಚಿಕೊಳ್ಳಬೇಕು; ನೆರಳನ್ನೂ ಕುಡಿಯುವ ನೀರನ್ನೂ ನೀವೇ ಒಯ್ಯಬೇಕು. ಪಿಟ್‌ಗಳಿಗೆ ಪ್ರೇಕ್ಷಕರು ಹೋಗಬಹುದು. ಮರಳುವಾಗ ನಿಮ್ಮ ಕಾರಿನ ತಳಭಾಗವನ್ನು ಅದೇ ದಿನ ಚೆನ್ನಾಗಿ ತೊಳೆಸಿ, ಏಕೆಂದರೆ ಆ ಉಪ್ಪು ಲೋಹವನ್ನು ಬಹಳ ಬೇಗ ತಿನ್ನುತ್ತದೆ.