ಎಲ್ಲಾ ದಿನವೂ ಭಾನುವಾರ

ಬೆಳಗ್ಗೆ ಹಾಲಿನ ಬೂತ್ ಹತ್ತಿರ ಪಕ್ಕದ ಮನೆ ರಾಯರು ಸಿಕ್ಕಿದ್ದರು. ಬ್ಯಾಂಕಿನಿಂದ ರಿಟೈರ್ ಆದವರು. ಪೆನ್ಷನ್ ಇದೆ, ಸ್ವಂತ ಮನೆ ಇದೆ, ಬೇಕಾದಷ್ಟು ಟೈಮ್ ಇದೆ. ಆದರೂ ಜೇಬಿನಲ್ಲಿ ಪೆನ್ನು! ವಾಕಿಂಗ್‌ಗೆ ಬರುವಾಗಲೂ.

"ಈಗ ಎಲ್ಲಾ ದಿನವೂ ಭಾನುವಾರ ಕಣಪ್ಪಾ. ಭಾನುವಾರಕ್ಕೇ ರುಚಿ ಇಲ್ಲ" ಅಂದರು.

ಸೋಮವಾರವನ್ನು ಬೈಕೊಂಡು ಆಫೀಸಿಗೆ ಹೊರಡುವ ನಾನು ಏನು ಹೇಳಲಿ? ನಕ್ಕೆ.

1978ರಲ್ಲಿ ಅಮೆರಿಕದಲ್ಲಿ ಲಾಟರಿ ಗೆದ್ದವರ ಬಗ್ಗೆ ಒಂದು ಅಧ್ಯಯನ ಬಂದಿತ್ತು. ಗೆದ್ದವರು ಉಳಿದವರಿಗಿಂತ ಅಂಥಾ ಜಾಸ್ತಿ ಖುಷಿಯಾಗೇನೂ ಇರಲಿಲ್ಲ. ಬೆಳಗಿನ ತಿಂಡಿ, ಟಿವಿ, ಸ್ನೇಹಿತರ ಜೊತೆ ಹರಟೆ, ಇವುಗಳಲ್ಲಿ ಅವರಿಗೆ ಬೇರೆಯವರಿಗಿಂತ ಕಮ್ಮಿ ಖುಷಿ ಸಿಗುತ್ತಿತ್ತಂತೆ. ದುಡ್ಡು ಬಂತು, ಇಡ್ಲಿ ಸಪ್ಪೆಯಾಯ್ತು ಅಂದ್ಕೊಳ್ಳಿ.

ಹಾಗಂತ ದುಡ್ಡೇ ಬೇಡ ಅನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲಪ್ಪಾ. 5ನೇ ತಾರೀಕು ಇಎಂಐ ಇದೆ.