ಹೊರಗೆ ಒಂದು ಹನಿಯೂ ಸೋರಲಿಲ್ಲ

ಕೀಲಿ ತಿರುಗಿಸಿದಾಗ ಎಂಜಿನ್ ಒಮ್ಮೆ ನರಳಿತು, ಅರ್ಧ ಸುತ್ತು ತಿರುಗಿ ನಿಂತಿತು. ನಾಲ್ಕು ತಿಂಗಳಿಂದ ಕಟ್ಟಿಹಾಕಿದ್ದ ದೋಣಿ. ಅದರ ಹೊಟ್ಟೆಯಲ್ಲಿರುವುದು ನನಗಿಂತ ಎರಡೇ ವರ್ಷ ಚಿಕ್ಕದಾದ, ಎರಡು ಸಿಲಿಂಡರಿನ ಡೀಸೆಲ್ ಎಂಜಿನ್. ಚುಕ್ಕಾಣಿಯ ಬಳಿ ನಿಂತಿದ್ದ ತಂಗಿ ಕೆಳಗೆ ಬಗ್ಗಿ, "ಅಣ್ಣ, ಬ್ಯಾಟರಿ ಹೋಗಿರಬೇಕು" ಎಂದಳು.

ನನಗೂ ಮೊದಲು ಹಾಗೆಯೇ ಅನ್ನಿಸಿತು. ಆದರೆ ಹೊಸ ಬ್ಯಾಟರಿ ತರುವ ಮೊದಲು ಮಲ್ಟಿಮೀಟರ್ ಹಿಡಿದು ನೋಡಿದೆ. 12.6 ವೋಲ್ಟ್, ತುಂಬು ಚಾರ್ಜು. ನಿಂತಿರುವಾಗಿನ ವೋಲ್ಟೇಜನ್ನು ಅಷ್ಟಕ್ಕೇ ನಂಬುವಂತಿಲ್ಲ, ಭಾರ ಬಿದ್ದಾಗ ಅದು ಎಷ್ಟಕ್ಕೆ ಇಳಿಯುತ್ತದೆ ಎಂಬುದೇ ಮುಖ್ಯ. ತಂಗಿಗೆ ಕೀಲಿ ತಿರುಗಿಸಲು ಹೇಳಿ ಮತ್ತೆ ಅಳೆದೆ. ಬ್ಯಾಟರಿಯ ತಲೆಯಲ್ಲಿ 11.2, ಸ್ಟಾರ್ಟರ್ ಮೋಟಾರಿನ ಬಳಿ ಕೇವಲ 8.4. ಅಂದರೆ ಬ್ಯಾಟರಿ ಕೊಟ್ಟದ್ದರಲ್ಲಿ 2.8 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತಿತ್ತು. ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ಋಣ ತುದಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಇಟ್ಟಾಗ ಕಳ್ಳ ಸಿಕ್ಕಿಬಿದ್ದ: ಅರ್ತ್ ತಂತಿಯೊಂದರಲ್ಲೇ 2.3 ವೋಲ್ಟ್ ಹೋಗುತ್ತಿತ್ತು.

ಆ ತಂತಿಯ ಬೋಲ್ಟು ಹೊರಗಿನಿಂದ ನೋಡಲು ಅಚ್ಚುಕಟ್ಟಾಗಿಯೇ ಇತ್ತು. ಯಾವ ಕಾಲದಲ್ಲೋ ಯಾರೋ ಅದರ ಮೇಲೆಯೇ ಬಣ್ಣ ಬಳಿದಿದ್ದರು. ಬಿಚ್ಚಿದರೆ ಒಳಗೆ ಹಸಿರು ಕಿಲುಬು, ಉಜ್ಜಿದರೆ ಪುಡಿಯಾಗಿ ಉದುರುವಷ್ಟು. ತಾಮ್ರ ಹೊಳೆಯುವ ತನಕ ಮರಳು ಕಾಗದದಿಂದ ಉಜ್ಜಿ, ಎಂಜಿನ್ನಿನ ಮೈಯ ಬಣ್ಣವನ್ನೂ ಆ ಜಾಗದಲ್ಲಿ ಕೆರೆದು, ಬಿಗಿಯಾಗಿ ಕೂರಿಸಿದೆ. ಈ ಸಲ ಕೀಲಿ ತಿರುಗಿಸಿದಾಗ ಎಂಜಿನ್ ಗಿರ‍್ರನೆ ತಿರುಗಿತು. ಡೀಸೆಲ್ ಎಂಜಿನ್ನಿಗೆ ಈ ವೇಗವೇ ಪ್ರಾಣ. ಅದರಲ್ಲಿ ಕಿಡಿ ಹೊತ್ತಿಸುವ ಪ್ಲಗ್ಗಿಲ್ಲ, ಒತ್ತಿದ ಗಾಳಿಯ ಕಾವಿನಿಂದಲೇ ಎಣ್ಣೆ ಹೊತ್ತಿಕೊಳ್ಳಬೇಕು. ನಿಧಾನವಾಗಿ ತಿರುಗಿದರೆ ಆ ಕಾವು ಸಿಲಿಂಡರಿನ ಗೋಡೆಗೆ ಸೋರಿ ತಣ್ಣಗಾಗಿಬಿಡುತ್ತದೆ.

ತಿರುಗಿತು, ಆದರೆ ಹತ್ತಲಿಲ್ಲ. ಹತ್ತು ಸೆಕೆಂಡು ತಿರುಗಿಸಿ, ಸ್ಟಾರ್ಟರ್ ತಣಿಯಲೆಂದು ಒಂದೆರಡು ನಿಮಿಷ ಬಿಟ್ಟು, ಮತ್ತೆ ತಿರುಗಿಸಿದೆವು. ಐದನೆಯ ಸಲಕ್ಕೆ ಕೈ ಹೋದಾಗ ಎದೆ ಧಸಕ್ಕೆಂದಿತು. ನೀರಿನ ವಾಲ್ವ್ ತೆರೆದೇ ಇತ್ತು!

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಳೆಯ ಎಂಜಿನ್ನುಗಳು ಸಾಯುವುದು ಹೀಗೆಯೂ ಹೌದು. ದೋಣಿಯ ತಳದ ವಾಲ್ವಿನ ಮೂಲಕ ಹೊರಗಿನ ನೀರು ಒಳಬಂದು, ಎಂಜಿನ್ನನ್ನು ತಂಪಾಗಿಸಿ, ಹೊಗೆಯ ಕೊಳವೆಗೆ ಸೇರಿ ಹೊರಗೆ ಹೋಗುತ್ತದೆ. ನೀರನ್ನು ಹೊರಗೆ ತಳ್ಳುವುದು ಹೊಗೆಯ ಒತ್ತಡ. ಎಂಜಿನ್ ಹತ್ತದೆ ಬರಿದೆ ತಿರುಗುತ್ತಿದ್ದರೆ ಪಂಪು ನೀರನ್ನು ತುಂಬುತ್ತಲೇ ಇರುತ್ತದೆ, ತಳ್ಳಲು ಮಾತ್ರ ಯಾರೂ ಇರುವುದಿಲ್ಲ. ಸೈಲೆನ್ಸರ್ ತುಂಬಿ, ನೀರು ಹಿಂದಕ್ಕೆ ಏರಿ, ಸಿಲಿಂಡರಿನಿಂದ ಹೊಗೆ ಹೊರಬರುವ ವಾಲ್ವ್ ತೆರೆದಾಗ ಅದರ ಮೂಲಕ ಸಿಲಿಂಡರಿಗೇ ಇಳಿಯುತ್ತದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ. ಪಿಸ್ಟನ್ನನ್ನು ಹಿಡಿದಿರುವ ಕನೆಕ್ಟಿಂಗ್ ರಾಡ್ ಬಾಗಿದರೆ ಅಲ್ಲಿಗೆ ಮುಗಿಯಿತು. ತಕ್ಷಣ ವಾಲ್ವ್ ಮುಚ್ಚಿದೆ, ಸೈಲೆನ್ಸರಿನ ಅಡಿಯ ತಿರುಪು ಬಿಚ್ಚಿದೆ. ಅರ್ಧ ಬಕೆಟ್‌ಗೂ ಹೆಚ್ಚು ನೀರು ಬಂತು. ಇನ್ನೊಂದೆರಡು ಸಲ ತಿರುಗಿಸಿದ್ದರೆ ಏನಾಗುತ್ತಿತ್ತೋ, ಈಗ ನೆನೆದರೂ ಬೆವರುತ್ತದೆ.

ಸಿಲಿಂಡರಿಗೆ ನೀರು ಇಳಿದಿಲ್ಲವೆಂದು ಎಂಜಿನ್ನನ್ನು ಕೈಯಿಂದಲೇ ತಿರುಗಿಸಿ ಖಚಿತಪಡಿಸಿಕೊಂಡು, ಉಸಿರು ಬಿಟ್ಟು ಯೋಚಿಸಿದೆ. ಅಷ್ಟು ಸಲ ತಿರುಗಿಸಿದರೂ ಹಿಂಬದಿಯಲ್ಲಿ ಹೊಗೆಯೇ ಕಾಣಲಿಲ್ಲ. ಬಿಳಿ ಹೊಗೆ ಬಂದಿದ್ದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ ಎಂದರ್ಥ. ಹೊಗೆಯೇ ಇಲ್ಲವೆಂದರೆ ಡೀಸೆಲ್ ತಲುಪಿಯೇ ಇಲ್ಲ. ಪಕ್ಕದ ದೋಣಿಯವರು ಗಾಳಿ ಎಳೆಯುವ ಬಾಯಿಗೆ ಥಟ್ಟನೆ ಹೊತ್ತಿಕೊಳ್ಳುವ ಈಥರ್ ಸ್ಪ್ರೇ ಹೊಡೆದು ನೋಡಿ ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು, ನಾನು ಒಪ್ಪಲಿಲ್ಲ. ಅದು ಹೊತ್ತಲ್ಲದ ಹೊತ್ತಿನಲ್ಲಿ ಸಿಡಿದು ಪಿಸ್ಟನ್ನಿಗೆ ಪೆಟ್ಟು ಕೊಡಬಲ್ಲದು. ಅಲ್ಲದೆ ಡೀಸೆಲ್ ಏಕೆ ಬರುತ್ತಿಲ್ಲ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವೇ ಇಲ್ಲ.

ಎಂಜಿನ್ ನಿಲ್ಲಿಸುವ ಕೇಬಲ್ ಪೂರ್ತಿ ತನ್ನ ಜಾಗಕ್ಕೆ ಮರಳಿತ್ತು, ಡೀಸೆಲ್ ತಡೆದದ್ದು ಅದಲ್ಲ. ಟ್ಯಾಂಕಿನಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯಿತ್ತು. ಮೊದಲ ಫಿಲ್ಟರಿನ ಗಾಜಿನ ಬಟ್ಟಲಿನ ತಳದಲ್ಲಿ ಒಂದು ಬೆರಳಿನಷ್ಟು ನೀರು, ಅದರ ಮೇಲೆ ಗೆರೆ ಎಳೆದಂತೆ ಡೀಸೆಲ್. ನೀರನ್ನು ಬಸಿದು ತೆಗೆದೆ. ಎರಡನೆಯ ಫಿಲ್ಟರಿನ ಮೇಲಿನ ತಿರುಪನ್ನು ಎರಡು ಸುತ್ತು ಸಡಿಲಿಸಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪಂಪಿನ ಹಿಡಿಯನ್ನು ಒತ್ತಿದರೆ ಹಿಡಿ ಸತ್ತಂತೆ ಅಲ್ಲಾಡಿತು, ಒತ್ತಿದ ಅನುಭವವೇ ಇಲ್ಲ. ಪಂಪು ಕೆಟ್ಟಿರಲಿಲ್ಲ. ಎಂಜಿನ್ನಿನ ಒಳಗೆ ತಿರುಗುತ್ತ ಪಂಪನ್ನು ಒತ್ತುವ ಉಬ್ಬು, ಅಂದರೆ ಕ್ಯಾಮ್, ಎತ್ತರದಲ್ಲಿ ನಿಂತಿದ್ದರೆ ಹಿಡಿಗೆ ಕೆಲಸವೇ ಉಳಿಯುವುದಿಲ್ಲ. ಎಂಜಿನ್ನನ್ನು ಕೈಯಿಂದ ಒಂದು ಸುತ್ತು ತಿರುಗಿಸಿದೆ, ಹಿಡಿಗೆ ಜೀವ ಬಂತು. ತಿರುಪಿನ ಸುತ್ತ ಮೊದಲು ಬರಿಯ ಗಾಳಿ, ಆಮೇಲೆ ನೊರೆ, ಕೊನೆಗೆ ಶುದ್ಧ ಡೀಸೆಲ್. ತಿರುಪು ಬಿಗಿದು, ಇಂಜೆಕ್ಷನ್ ಪಂಪಿನ ಬಳಿ, ಆಮೇಲೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರುಗಳ ನಟ್ಟಿನಲ್ಲಿ ಇದೇ ಕ್ರಮದಲ್ಲಿ ಏರ್ ತೆಗೆದೆ. ಕೀಲಿ ತಿರುಗಿಸಿದಾಗ ಎಂಜಿನ್ ಎರಡು ಸಲ ಕೆಮ್ಮಿ ಹತ್ತಿಕೊಂಡಿತು. ವಾಲ್ವ್ ತೆರೆಯಲು ಓಡಿದೆ. ತಂಗಿ ಚಪ್ಪಾಳೆ ತಟ್ಟಿದಳು.

ನಾಲ್ಕು ನಿಮಿಷ ಓಡಿತು. ಸದ್ದು ಏರಿತು, ಇಳಿಯಿತು, ನಿಂತಿತು.

ತಿರುಪು ಸಡಿಲಿಸಿದರೆ ಮತ್ತೆ ನೊರೆ. ಎಲ್ಲಿಂದಲೋ ಗಾಳಿ ಒಳಗೆ ಬರುತ್ತಿದೆ. ಆದರೆ ಬಿಳಿ ಬಟ್ಟೆಯಿಂದ ಪ್ರತಿ ಜೋಡಣೆಯನ್ನೂ ಒರೆಸಿದರೂ ಒಂದು ಹನಿ ಜಿಡ್ಡು ಅಂಟಲಿಲ್ಲ. ಇಲ್ಲಿ ನಾನು ಒಂದು ಗಂಟೆ ಕಳೆದೆ, ಏಕೆಂದರೆ ನಾನು ಸೋರಿಕೆಯನ್ನು ಹುಡುಕುತ್ತಿದ್ದೆ. ಪಂಪಿನ ಆಚೆಗೆ ಒತ್ತಡವಿರುತ್ತದೆ, ಅಲ್ಲಿ ಬಿರುಕಿದ್ದರೆ ಡೀಸೆಲ್ ತೊಟ್ಟಿಕ್ಕುತ್ತದೆ. ಪಂಪಿನಿಂದ ಟ್ಯಾಂಕಿನ ತನಕ ಇರುವುದು ಎಳೆತ. ಅಲ್ಲಿ ಬಿರುಕಿದ್ದರೆ ಎಣ್ಣೆ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ನಮ್ಮ ಟ್ಯಾಂಕು ಎಂಜಿನ್ನಿಗಿಂತ ಕೆಳಗಿದೆ. ದೋಣಿ ನಿಂತ ನಾಲ್ಕು ತಿಂಗಳಲ್ಲಿ ಆ ಬಿರುಕಿನಿಂದ ಗಾಳಿ ನುಸುಳಿ, ಕೊಳವೆಯ ಡೀಸೆಲ್ ಸದ್ದಿಲ್ಲದೆ ಟ್ಯಾಂಕಿಗೇ ಇಳಿದುಹೋಗಿತ್ತು.

ಪಾರದರ್ಶಕ ಕೊಳವೆಯ ಒಂದು ತುಂಡನ್ನು ಮೊದಲು ಟ್ಯಾಂಕಿಗೂ ಫಿಲ್ಟರಿಗೂ ನಡುವೆ ಜೋಡಿಸಿದೆ. ಗುಳ್ಳೆಯಿಲ್ಲ. ಫಿಲ್ಟರಿನ ಆಚೆಗೆ ಜೋಡಿಸಿದೆ. ಸಾಸಿವೆ ಕಾಳಿನಷ್ಟು ಗುಳ್ಳೆಗಳು ಒಂದರ ಹಿಂದೆ ಒಂದು, ದಾರದಲ್ಲಿ ಪೋಣಿಸಿದಂತೆ ಸಾಗಿದವು. ಹಾಗಾದರೆ ಫಿಲ್ಟರಿನಲ್ಲೇ. ಬಿಚ್ಚಿದಾಗ ಒಳಹರಿವಿನ ಬೋಲ್ಟಿನ ತಾಮ್ರದ ವಾಷರಿನ ಮೇಲೆ ಉಗುರಿಗೆ ತಾಗುವ ಒಂದು ಗೀರು. ಹಿಂದಿನ ಸಲ ಫಿಲ್ಟರ್ ಬದಲಿಸುವಾಗ ಅದೇ ಹಳೆಯ ವಾಷರನ್ನು ಮತ್ತೆ ಹಾಕಿದವನು ನಾನೇ. ಒಮ್ಮೆ ಒತ್ತಿಸಿಕೊಂಡ ತಾಮ್ರ ಗಡುಸಾಗುತ್ತದೆ, ಮತ್ತೆ ಬಿಗಿದರೆ ಮೊದಲಿನಂತೆ ಮೈಗೆ ಮೈ ಅಂಟಿಸಿ ಕೂರುವುದಿಲ್ಲ.

ಹೊಸ ವಾಷರ್ ಕೈಯಲ್ಲಿರಲಿಲ್ಲ. ಹಳೆಯದನ್ನು ದಡಕ್ಕೆ ಒಯ್ದು, ಗಾಜಿನ ಮೇಲೆ ಹಾಸಿದ ನಯವಾದ ಮರಳು ಕಾಗದದಲ್ಲಿ ಗೀರು ಮಾಯವಾಗುವ ತನಕ ವೃತ್ತಾಕಾರವಾಗಿ ಉಜ್ಜಿದೆ. ತಂತಿಗೆ ಸಿಕ್ಕಿಸಿ ಒಲೆಯ ಉರಿಯಲ್ಲಿ ಹಿಡಿದೆ. ಮೊದಲು ಕಂದಿತು, ಮೈಮೇಲೆ ಕಾಮನಬಿಲ್ಲಿನಂಥ ಬಣ್ಣಗಳು ಓಡಿದವು, ಆಮೇಲೆ ಮಂದ ಕೆಂಪಿಗೆ ತಿರುಗಿತು. ನೀರಿಗೆ ಹಾಕಿದಾಗ ಚುಂಯ್ ಎಂದಿತು. ಉಕ್ಕಾದರೆ ಹೀಗೆ ಮಾಡಿದಾಗ ಗಡುಸಾಗುತ್ತದೆ, ತಾಮ್ರ ಮೆತ್ತಗಾಗುತ್ತದೆ. ಬೆರಳಲ್ಲಿ ಒತ್ತಿದರೆ ಬಾಗುವಷ್ಟು ಮೆತ್ತಗಾಗಿತ್ತು.

ಕೂರಿಸಿ, ಬಿಗಿದು, ಮತ್ತೆ ಏರ್ ತೆಗೆದು ಸ್ಟಾರ್ಟ್ ಮಾಡಿದೆವು. ಪಾರದರ್ಶಕ ಕೊಳವೆಯ ಮುಂದೆ ಟಾರ್ಚ್ ಹಿಡಿದು ಇಪ್ಪತ್ತು ನಿಮಿಷ ಕುಳಿತೆ. ಒಳಗೆ ಡೀಸೆಲ್ ಹರಿಯುತ್ತಿದೆಯೋ ನಿಂತಿದೆಯೋ ಕಣ್ಣಿಗೆ ತಿಳಿಯಲಿಲ್ಲ, ಅಷ್ಟು ತಿಳಿಯಾಗಿತ್ತು. ಎಂಜಿನ್ನಿನ ಕಾವಿಗೆ ಅಂಥ ಕೊಳವೆ ತಡೆಯುವುದಿಲ್ಲ. ಅದನ್ನು ತೆಗೆದು, ಇಂಧನಕ್ಕೆಂದೇ ಮಾಡಿದ ದಪ್ಪ ಕೊಳವೆಯನ್ನು ಹಾಕಿ, ಕೊನೆಯ ಸಲ ಏರ್ ತೆಗೆದು, ವಾಲ್ವ್ ಮುಚ್ಚಿ, ಕೀಲಿಯನ್ನು ಅದರ ಹಿಡಿಗೇ ನೇತುಹಾಕಿ ಬಂದೆ.

ರಾತ್ರಿಯೆಲ್ಲ ನಿಂತ ಮೇಲೂ ಡೀಸೆಲ್ ಕೊಳವೆಯಲ್ಲೇ ನಿಲ್ಲುತ್ತದೆಯೇ ಎಂಬುದೊಂದು ಉಳಿದಿತ್ತು. ಬೆಳಿಗ್ಗೆ ವಾಲ್ವ್ ತೆರೆದು, ಹಿಡಿಯಲ್ಲಿದ್ದ ಕೀಲಿಯನ್ನು ತಂಗಿಯ ಕೈಗೆ ಕೊಟ್ಟೆ. "ಹತ್ತು ಸೆಕೆಂಡು ಮಾತ್ರ" ಎಂದೆ. ಎರಡನೆಯ ಸೆಕೆಂಡಿಗೇ ಹತ್ತಿಕೊಂಡಿತು.